ಸಿಕ್ಕಿಬಿದ್ದರೆ ಎಷ್ಟಾಗುತ್ತೆ?

ರಾಯರು: ವಕೀಲರೇ, ಮಗನ ನೀಟ್ ಹತ್ತಿರ ಬಂತು. ಪ್ರಶ್ನೆಪತ್ರಿಕೆ ಮೊದಲೇ ಕೊಡಿಸ್ತೀನಿ ಅಂತ ಒಬ್ಬ ಏಜೆಂಟ್ ಗಂಟುಬಿದ್ದಿದ್ದಾನೆ. ಅಕಸ್ಮಾತ್ ಸಿಕ್ಕಿಬಿದ್ದರೆ?

ವಕೀಲ: ಯಾರು ಸಿಕ್ಕಿಬಿದ್ದರೆ? ದರ ಬೇರೆಬೇರೆ ಇದೆ.

ರಾಯರು: ಮಗ.

ವಕೀಲ: ಫಲಿತಾಂಶ ರದ್ದು. ಕೆಲವು ವರ್ಷ ಪರೀಕ್ಷೆಗೆ ಕೂರುವಂತಿಲ್ಲ.

ರಾಯರು: ಜೈಲು?

ವಕೀಲ: 2024ರ ಕೇಂದ್ರ ಕಾಯ್ದೆಯ ಕಣ್ಣು ಹುಡುಗರ ಮೇಲಲ್ಲ, ಪ್ರಶ್ನೆಪತ್ರಿಕೆ ಮಾರುವವರ ಮೇಲೆ. 3ರಿಂದ 5 ವರ್ಷ ಜೈಲು, 10 ಲಕ್ಷದವರೆಗೆ ದಂಡ. ಗ್ಯಾಂಗ್ ಕಟ್ಟಿ ಮಾಡಿದರೆ 5ರಿಂದ 10 ವರ್ಷ, ದಂಡ ಕನಿಷ್ಠ 1 ಕೋಟಿ.

ರಾಯರು: ಕೋಟಿಯಾ! ಅಷ್ಟು ಕೊಟ್ಟರೆ ಮ್ಯಾನೇಜ್‌ಮೆಂಟ್ ಸೀಟೇ ಸಿಗುತ್ತಲ್ರೀ!

ವಕೀಲ: ಅದಕ್ಕೆ ಶಿಕ್ಷೆಯಿಲ್ಲ, ರಸೀದಿ ಕೊಡ್ತಾರೆ.

ರಾಯರು: ಕಾಯ್ದೆ ಜಾರಿಯಾದದ್ದು ಯಾವಾಗ?

ವಕೀಲ: ಆ ವರ್ಷ ಪತ್ರಿಕೆ ಸೋರಿದ ನೀಟ್ ಪರೀಕ್ಷೆ ಮೇ 5ಕ್ಕೆ, ಕಾಯ್ದೆ ಜೂನ್ 21ಕ್ಕೆ.

ರಾಯರು: ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಅನ್ನಿ.

ವಕೀಲ: ಹಾಗಂತ ತಪಾಸಣೆಗೇನೂ ಕಡಿಮೆಯಿಲ್ಲ. ತುಂಬುತೋಳಿನ ಅಂಗಿ ಬೇಡ, ಶೂ ಬೇಡ, ವಾಚ್ ಬೇಡ. ಪೆನ್ನೂ ಅವರೇ ಕೊಡ್ತಾರೆ.

ರಾಯರು: ಮತ್ತೆ ಪತ್ರಿಕೆ ಹೊರಗೆ ಹೋದದ್ದು ಹೇಗೆ?

ವಕೀಲ: ಹಜಾರಿಬಾಗ್‌ನ ಪರೀಕ್ಷಾ ಕೇಂದ್ರದಲ್ಲಿ ಟ್ರಂಕಿನಿಂದಲೇ ಹೋಯಿತು ಅನ್ನುತ್ತೆ ಸಿಬಿಐ. ಟ್ರಂಕಿಗೆ ತುಂಬುತೋಳಿರಲಿಲ್ಲ ನೋಡಿ, ಯಾರಿಗೂ ಅನುಮಾನ ಬರಲಿಲ್ಲ.

ರಾಯರು: ಹಾಗಾದರೆ ಏಜೆಂಟನಿಗೆ ಬೇಡ ಅಂದುಬಿಡ್ತೀನಿ.

ವಕೀಲ: ಒಳ್ಳೆಯದು. ಅಂದಹಾಗೆ, ಮಗ ಏನಂತಾನೆ?

ರಾಯರು: ಅವನನ್ನು ಕೇಳಿಲ್ಲ. ಪಾಪ, ಹಗಲೂ ರಾತ್ರಿ ಓದ್ತಾ ಇದ್ದಾನೆ. ಇಂಥದ್ದಕ್ಕೆಲ್ಲ ಯಾಕೆ ತೊಂದರೆ ಕೊಡೋದು ಅಂತ!