ಕೋಶಪ್ರಹಾರ ಮೀಮಾಂಸೆ

ವಾದದಲ್ಲಿ ಯುಕ್ತಿ ಬರಿದಾದ ಕ್ಷಣದಲ್ಲಿ ವಾದಿಯ ಬಲಗೈ ತಾನಾಗಿಯೇ ನಿಘಂಟಿನ ಕಡೆಗೆ ಸರಿಯುವ ವಿದ್ಯಮಾನಕ್ಕೆ ಶಾಸ್ತ್ರಕಾರರು ಈವರೆಗೆ ಹೆಸರಿಡದೆ ಬಿಟ್ಟಿರುವುದು ಘೋರ ಲೋಪವಾದುದರಿಂದ, ಬೀದರಿನ ಒಂದು ವಿಚಾರಗೋಷ್ಠಿಯಲ್ಲಿ ‘ಸಂಸ್ಕೃತಿ’ ಎಂಬ ಪದದ ನಿಷ್ಪತ್ತಿಯನ್ನು ಮುಕ್ಕಾಲು ಗಂಟೆ ಆಲಿಸಿ, ಪಂಕ್ತಿಯೆಲ್ಲ ಎದ್ದ ಮೇಲೆ ಆರಿದ ಹುಗ್ಗಿಯನ್ನುಂಡ ಅಧಿಕಾರದಿಂದ, ನಾನು ಅದನ್ನು ‘ಕೋಶಪ್ರಹಾರ’ವೆಂದು ನಾಮಕರಣ ಮಾಡುತ್ತೇನೆ.

ಕೋಶಪ್ರಹಾರವು ಸಪ್ತವಿಧವಾದುದು. ನಿಘಂಟನ್ನು ಬಗಲಲ್ಲಿಟ್ಟುಕೊಂಡು, ಎಂದೂ ತೆರೆಯದೆ, ಅದರ ತೂಕದಿಂದಲೇ ಗೆಲ್ಲುವುದು ಕಕ್ಷಕೋಶ. ಪದಕ್ಕಿರುವ ಆರು ಅರ್ಥಗಳಲ್ಲಿ ತನಗೊದಗುವ ನಾಲ್ಕನೆಯದನ್ನು ಗಟ್ಟಿಯಾಗಿ ಓದಿ, ಮಿಕ್ಕವುಗಳ ಮೇಲೆ ಹೆಬ್ಬೆರಳನ್ನೂರಿ ನಿಲ್ಲುವುದು ಅಂಗುಷ್ಠಾಚ್ಛಾದನ. ಮೂರನೆಯದಾದ ಧಾತುಗರ್ಭಪ್ರವೇಶವನ್ನು ನಾನು ಚೌಬಾರದ ಬಳಿಯ ಚಹದಂಗಡಿಯಲ್ಲಿ ಕಣ್ಣಾರೆ ಕಂಡಿದ್ದೇನೆ: ಬೀದರವು ಬಿದಿರಿನಿಂದ ಬಂತೆಂದು ಒಬ್ಬರು, ವಿದುರನಿಂದ ಬಂತೆಂದು ಇನ್ನೊಬ್ಬರು, ಬಶಿಯಲ್ಲಿ ಹೊಯ್ದ ಚಹ ಕೆನೆಗಟ್ಟುವವರೆಗೂ ಕಾದಾಡುತ್ತಿರಲು, ಅತ್ತ ಬಿದ್ರಿ ಕೆಲಸದ ಕುಶಲಕರ್ಮಿಯೊಬ್ಬನು ಸತುವು ತಾಮ್ರಗಳ ಹೂಜಿಗೆ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಕೋಟೆಯ ಮಣ್ಣಿನಲ್ಲಿ ನವಸಾಗರ ಬೆರೆಸಿ ಅದನ್ನು ಕಪ್ಪಾಗಿಸುತ್ತಲಿದ್ದನು; ವಿದುರನು ಸೋತುದರಿಂದ ಹೂಜಿಯ ಬಣ್ಣ ಕೆಟ್ಟಂತೆ ಕಾಣಲಿಲ್ಲ. ಉಳಿದ ನಾಲ್ಕು ಪ್ರಭೇದಗಳನ್ನು ಓದುಗರು ತಮ್ಮತಮ್ಮ ಊರಿನ ವಿದ್ವಾಂಸರಿಂದ ಭರ್ತಿ ಮಾಡಿಕೊಳ್ಳತಕ್ಕದ್ದು, ನನಗೆ ಬೇಸರವಾಯಿತು.

ಇಷ್ಟಕ್ಕೂ ಯಾಸ್ಕನು ವ್ಯಾಖ್ಯಾನಿಸಿದ ಆದಿಮ ‘ನಿಘಂಟು’ವಿನಲ್ಲಿ ಒಂದು ವ್ಯಾಖ್ಯೆಯೂ ಇಲ್ಲವಷ್ಟೆ! ಅದು ವೇದದ ಪದಗಳ ಪಟ್ಟಿ. ಅರ್ಥಕ್ಕಾಗಿ ಯಾಸ್ಕನ ವ್ಯಾಖ್ಯಾನವಾದ ‘ನಿರುಕ್ತ’ಕ್ಕೇ ಹೋಗಬೇಕು. ಅರ್ಥವನ್ನು ತಿಳಿಯುವ ಎಂಟು ದಾರಿಗಳನ್ನೆಣಿಸಿದ ನಮ್ಮ ನೈಯಾಯಿಕರು ವ್ಯಾಕರಣ, ಉಪಮಾನ, ಆಪ್ತವಾಕ್ಯ, ವ್ಯವಹಾರ ಮೊದಲಾದವುಗಳ ಸಾಲಿನಲ್ಲಿ ಕೋಶಕ್ಕೂ ಒಂದು ಮಣೆ ಹಾಕಿದರು, ಅಷ್ಟೆ; ಎಂಟೂ ಮಣೆಗಳ ಮೇಲೆ ಅದನ್ನೇ ಕೂರಿಸಿದವರು ನಾವು. 1970ರಿಂದ 1995ರ ವರೆಗೆ ಎಂಟು ಸಂಪುಟಗಳಾಗಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಅರ್ಥಗಳ ಕೆಳಗೆ ಶಾಸನ ಕಾವ್ಯಗಳ ಪ್ರಯೋಗಗಳನ್ನು ಸಾಕ್ಷಿಗೆ ನಿಲ್ಲಿಸಿದೆ, ಜನರು ಹೀಗೆ ಆಡಿದ್ದರಿಂದ ಅರ್ಥ ಹೀಗಾಯಿತೆಂದು. ಕೋಶಪ್ರಹಾರಿಯಾದರೋ ಸಾಕ್ಷಿಗಳನ್ನು ಹೊರದಬ್ಬಿ ತೀರ್ಪನ್ನು ಮಾತ್ರ ಓದುತ್ತಾನೆ.

ಭಾಲ್ಕಿಯಲ್ಲಿ ನಿಜಾಮನ ಕಾಲಕ್ಕೆ ಹಿರೇಮಠ ಸಂಸ್ಥಾನದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಫಲಕದ ಪ್ರಕಾರ ಅಲ್ಲಿ ಕನ್ನಡವೇ ಇರಲಿಲ್ಲ.

ಪ್ರಬಂಧವನ್ನು ಇಲ್ಲಿಗೇ ನಿಲ್ಲಿಸಿದ್ದರೆ ನಗುತ್ತ ಏಳಬಹುದಿತ್ತು. ಆದರೆ ರಾಜ್ಯದ ಉತ್ತರದ ತುದಿಯಾದ ಔರಾದಿಗೂ ನಾನು ಹೋಗಿದ್ದೆ. ಅಲ್ಲಿಯ ಒಂದು ಕಚೇರಿಯಲ್ಲಿ ನನ್ನ ಕೆಲಸಕ್ಕಾಗಿ ಕಾಯುತ್ತಿದ್ದಾಗ ಒಬ್ಬ ಮುದುಕರು ಹೂ ಬಿಡುವಾಗಲೇ ಕಮರಿದ ಹೆಸರಿನ ಗಿಡವನ್ನು ಬೇರುಸಹಿತ ಕಿತ್ತು ತಂದು ಮೇಜಿನ ಮೇಲಿಟ್ಟರು. ಗುಮಾಸ್ತರು ಗಿಡವನ್ನು ಸರಿಸಿ ಪುಸ್ತಕವನ್ನು ತೆರೆದರು. ‘ಬರ’ವೆಂದರೆ ‘ಬತ್ತು’ ಎಂಬ ಧಾತುವಿನ ಒಡಹುಟ್ಟೆಂದು ನಮ್ಮ ಭಾಷೆಗೆ ಗೊತ್ತು. 2016ರ ಬರ ನಿರ್ವಹಣಾ ಕೈಪಿಡಿಯ ಭಾಷೆ ಬೇರೆ. ಅದರಲ್ಲಿ ಒಣಗಿದ ವಾರಗಳು ಸತತವಾಗಿರಬೇಕು, ಮಳೆಯ ಕೊರತೆ ಶೇಕಡಾವಾರು ಲೆಕ್ಕಕ್ಕೆ ಕೂಡಿಬರಬೇಕು, ಆಮೇಲೆ ಬೆಳೆ, ತೇವ, ಜಲಾಶಯಗಳ ಸೂಚ್ಯಂಕಗಳು. ಇವೆಲ್ಲ ದಾಟಿದ ಮೇಲೂ ಕೇಂದ್ರದ ನೆರವಿಗೆ ಕೈಚಾಚಬೇಕಾದರೆ ಬರವು ‘ತೀವ್ರ’ವಾಗಿರತಕ್ಕದ್ದು, ‘ಸಾಧಾರಣ’ವಾದರೆ ಸಾಲದು. ಸಾಧಾರಣ ಬರ! ಈ ಎರಡು ಪದಗಳನ್ನು ಅಕ್ಕಪಕ್ಕ ಬರೆದ ಕೈ ಒಂದು ಬೇಸಿಗೆಯಾದರೂ ಕೊಡ ಹೊತ್ತಿತ್ತೆ? ದನಕ್ಕೆ ಮೇವಿಲ್ಲದೆ, ಮಗನ ಕಣ್ಣೆದುರೇ ದೇವಣಿ ಎತ್ತನ್ನು ಸಂತೆಗೆ ಹೊಡೆದವನಿಗೆ ಇದಕ್ಕಿಂತ ಹೀನವಾದ ಬೈಗುಳವನ್ನು ಯಾವ ನಿಘಂಟೂ ಒದಗಿಸಲಾರದು. ಗೋಷ್ಠಿಯಲ್ಲಿ ಕೋಶಪ್ರಹಾರದಿಂದ ಕೆಡುವುದು ಊಟದ ಹೊತ್ತು ಮಾತ್ರ, ಇಲ್ಲಿ ಊಟವೇ.

ನಡುವೆ ಒಂದು ಸಂಜೆ ಮಳೆಯಾದುದರಿಂದ ವಾರಗಳ ಎಣಿಕೆ ತಪ್ಪಿತೆಂದೂ, ವ್ಯಾಖ್ಯೆಗೆ ಹೊಂದದೆಂದೂ ಗುಮಾಸ್ತರು ತಾಳ್ಮೆಯಿಂದಲೇ ವಿವರಿಸಿದರು. ಅವರಾದರೂ ಏನು ಮಾಡಿಯಾರು? ಮುದುಕರು ಗಿಡದ ಬೇರಿಗಂಟಿದ್ದ ಮಣ್ಣು ಮೇಜಿನ ಮೇಲೆ ಉದುರಿದ್ದನ್ನು ಅಂಗೈಯಿಂದ ಒರೆಸಿ ಒಟ್ಟುಮಾಡುತ್ತ ಕೇಳಿದರು:

“ಸಾಹೇಬ್ರ, ಆ ಪುಸ್ತಕ ಎಲ್ಲಿ ಕುಂತು ಬರದಾರ್ರಿ? ಅಲ್ಲಿ ಮಳಿ ಆಗ್ಯದೇನ್ರಿ?”

ಗುಮಾಸ್ತರು ಪುಟ ತಿರುವಿದರು.