ಒಂದೇ ಅಡುಗೆಮನೆ, ಎರಡು ರೇಟು

“ಕೋಹಾ ಫ್ರೀ ಅಂತ ನೀವೇ ಹೇಳಿದ್ರಲ್ಲ, ಹಾಗಾದ್ರೆ ಇದೇನು?” ಅಂತ ಪಕ್ಕದ ಮನೆ ಅಕ್ಕ ಕಾಂಪೌಂಡ್ ಮೇಲಿಂದ ಒಂದು ಕೊಟೇಶನ್ ಚಾಚಿದರು. ಅವರು ಮೈಸೂರು ರಸ್ತೆ ಕಡೆಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಕೋಹಾ ಅಂದ್ರೆ ಲೈಬ್ರರಿ ನಡೆಸುವ ತಂತ್ರಾಂಶ. ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಸಂಜೆ ಗಿಡಕ್ಕೆ ನೀರು ಬಿಡುವ ಹೊತ್ತೇ ಹರಟೆಯ ಹೊತ್ತು. ಪೈಪು ಕೆಳಗಿಟ್ಟು ಓದಿದೆ. ಮೊದಲ ಸಾಲು: “ಕೋಹಾ ಎಂಟರ್‌ಪ್ರೈಸ್ ಎಡಿಷನ್, ಲೈಸೆನ್ಸ್ ಶುಲ್ಕ.” ಎದುರಿಗೆ ಲಕ್ಷದ ಲೆಕ್ಕ. ಕೆಳಗೆ ಇನ್‌ಸ್ಟಲೇಷನ್, ಟ್ರೈನಿಂಗ್, ವರ್ಷದ ಎ.ಎಂ.ಸಿ. ಕೆಲಸಕ್ಕೆ ಕೂಲಿ ಕೇಳಿದ್ದು ನ್ಯಾಯವೇ. ನನಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಆ ಮೊದಲ ಸಾಲು.

“ಅಕ್ಕ, ಸಮುದಾಯದವರು ಬಿಡುಗಡೆ ಮಾಡೋ ಕೋಹಾದಲ್ಲಿ ಇರೋದೇ ಒಂದು ಎಡಿಷನ್ನು. ಲೈಸೆನ್ಸು ಜಿ.ಪಿ.ಎಲ್., ಯಾರು ಬೇಕಾದ್ರೂ ಬಳಸಿ ಹಂಚಬಹುದು. ಇವರು ಮಾರ್ತಿರೋದು ಯಾವುದನ್ನ?”

ಈ ಎಂಟರ್‌ಪ್ರೈಸ್ ಕೋಹಾ ಅನ್ನುವ ಹೆಸರಿಗೆ ಹಳೇ ಕಥೆಯೇ ಇದೆ. 1999ರಲ್ಲಿ ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿಯವರಿಗೆ ವೈ2ಕೆ ಚಿಂತೆ ಹತ್ತಿತು. ಹಳೆಯ ತಂತ್ರಾಂಶ 2000ನೇ ಇಸವಿ ದಾಟುವಂತಿರಲಿಲ್ಲ. ಕಾಟಿಪೊ ಅನ್ನುವ ಸಣ್ಣ ಕಂಪನಿಯಿಂದ ಹೊಸದು ಮಾಡಿಸಿಕೊಂಡರು, ಮುಕ್ತವಾಗಿ ಹಂಚಿಯೂಬಿಟ್ಟರು. ಹತ್ತು ವರ್ಷದಲ್ಲಿ ಅದು ಲೋಕದ ತುಂಬ ಹರಡಿತು. 2009ರಲ್ಲಿ ಅಮೆರಿಕದ ಲಿಬ್‌ಲೈಮ್ ಕಂಪನಿ ‘ಲಿಬ್‌ಲೈಮ್ ಎಂಟರ್‌ಪ್ರೈಸ್ ಕೋಹಾ’ ಅಂತ ತನ್ನದೇ ಕವಲು ತೆಗೆಯಿತು. ಮರುವರ್ಷ ಪಿ.ಟಿ.ಎಫ್.ಎಸ್. ಅನ್ನುವ ಇನ್ನೊಂದು ಕಂಪನಿ ಲಿಬ್‌ಲೈಮನ್ನೇ ಕೊಂಡುಕೊಂಡಿತು. ಕೋಹಾ ಹೆಸರಿನ ವೆಬ್ ವಿಳಾಸ ಕಂಪನಿಯ ಕೈಯಲ್ಲೇ ಉಳಿಯಿತು, ಕೋಡ್ ಬರೆದವರು ‘ಕೋಹಾ-ಕಮ್ಯುನಿಟಿ’ ಅಂತ ಬೇರೆ ವಿಳಾಸ ಮಾಡಿಕೊಂಡು ಹೊರಗೆ ಬಂದರು. ಸಾಲದ್ದಕ್ಕೆ ನ್ಯೂಜಿಲೆಂಡಿನಲ್ಲೇ ಆ ಹೆಸರಿನ ಟ್ರೇಡ್‌ಮಾರ್ಕಿಗೆ ಕಂಪನಿಯ ಅರ್ಜಿ! ಹಂಚಿದವರ ಊರಿನಲ್ಲೇ ಅವರ ಹೆಸರು ಇನ್ನೊಬ್ಬರ ಪಾಲಾಗುವುದರಲ್ಲಿತ್ತು. ಸಮುದಾಯ ತಿರುಗಿಬಿತ್ತು, ಅರ್ಜಿ ನಿಲ್ಲಲಿಲ್ಲ.

“ಹಾಗಾದ್ರೆ ದುಡ್ಡಿನ ಎಡಿಷನ್ನೇ ಇರಬಾರ್ದು ಅಂತೀರಾ?” ಅಂದರು ಅಕ್ಕ.

ಇರಲಿ, ಧಾರಾಳವಾಗಿ ಇರಲಿ. ನಮ್ಮ ಹೋಟೆಲುಗಳಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮೇಲ್ಗಡೆ ಎ.ಸಿ. ಹಾಲು ಇರುತ್ತೆ. ದೋಸೆ ಒಂದೇ ಕಾವಲಿಯದು, ರೇಟು ಬೇರೆ, ಬೋರ್ಡಿನಲ್ಲಿ ಎರಡೂ ಬರೆದಿರುತ್ತೆ. ಪ್ರಾಕ್ಸ್‌ಮಾಕ್ಸ್ ಅನ್ನುವ ವರ್ಚುವಲ್ ಸರ್ವರ್ ತಂತ್ರಾಂಶ ಹೆಚ್ಚುಕಡಿಮೆ ಹೀಗೇ ನಡೆಯುತ್ತೆ. ಹೊಸದಾಗಿ ಹಾಕಿ ಅಪ್‌ಡೇಟ್ ಕೊಟ್ಟರೆ ‘401’ ಅಂತ ದೋಷ ಬರುತ್ತೆ. ಯಾಕಂದ್ರೆ ಅದು ಮೊದಲಿಗೆ ನೋಡುವುದು ಚಂದಾದಾರರ ರೆಪಾಸಿಟರಿ. ‘ನೋ-ಸಬ್‌ಸ್ಕ್ರಿಪ್ಷನ್’ ಅನ್ನುವ ಇನ್ನೊಂದಕ್ಕೆ ತಿರುಗಿಸಿದರೆ ಅದೇ ಸಾಫ್ಟ್‌ವೇರ್ ಬರುತ್ತೆ. ದುಡ್ಡು ಕೊಟ್ಟವರಿಗೆ ಹೆಚ್ಚು ಪರೀಕ್ಷೆಯಾದ ಪ್ಯಾಕೇಜು, ಜೊತೆಗೆ ಬೆಂಬಲ. ಹೊಸಬರು ಆ 401 ಕಂಡು ಗಾಬರಿ ಬೀಳುತ್ತಾರೆ, ಅದು ನಿಜ. ಆದರೂ ಮುಚ್ಚುಮರೆ ಇಲ್ಲ. ಗಿಟ್‌ಲ್ಯಾಬಿನವರು ಪ್ಯಾಕೇಜಿನ ಹೆಸರಿಗೇ ‘ಸಿಇ’ (ಕಮ್ಯುನಿಟಿ ಎಡಿಷನ್), ‘ಇಇ’ (ಎಂಟರ್‌ಪ್ರೈಸ್ ಎಡಿಷನ್) ಅಂತ ಬಾಲ ಹಚ್ಚುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ಆಪ್‌ಸ್ಮಿತ್ ಕೂಡ ಅಷ್ಟೇ: ಸಿಇ ಇಮೇಜಿಗೆ ಅಪಾಚೆ ಲೈಸೆನ್ಸು, ಎಸ್.ಎ.ಎಂ.ಎಲ್. ಲಾಗಿನ್, ಆಡಿಟ್ ಲಾಗ್ ಬೇಕಿದ್ದರೆ ದುಡ್ಡು. ದೊಡ್ಡ ಕಂಪನಿಗೆ ಬೇಕಾದ್ದಕ್ಕೆ ದೊಡ್ಡ ಕಂಪನಿಯೇ ಕೊಡಲಿ ಅನ್ನುವ ಲೆಕ್ಕ, ಒಪ್ಪಬಹುದು.

ನನಗೆ ಸಿಟ್ಟು ಬರುವುದು ಬಡಿಸಿದ ಎಲೆಯಿಂದ ವಾಪಸ್ ಎತ್ತಿಕೊಂಡಾಗ. 2015ರಲ್ಲಿ ಓಡೂ ಅನ್ನುವ ವ್ಯಾಪಾರದ ತಂತ್ರಾಂಶ 9ನೇ ಆವೃತ್ತಿಯಲ್ಲಿ ಕಮ್ಯುನಿಟಿ, ಎಂಟರ್‌ಪ್ರೈಸ್ ಅಂತ ಪಾಲಾಯಿತು. ಅಲ್ಲಿಯವರೆಗೆ ಎಲ್ಲರಿಗೂ ಸಿಗುತ್ತಿದ್ದ ಪೂರ್ತಿ ಅಕೌಂಟಿಂಗ್ ದುಡ್ಡಿನ ಕಡೆಗೆ ಹೋಯಿತು, ಇತ್ತ ಇನ್‌ವಾಯ್ಸಿಂಗ್ ಉಳಿಯಿತು. ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ನಾಲ್ಕು ಲೇತ್ ಇಟ್ಟುಕೊಂಡವರಿಗೆ ಬಿಲ್ಲು ಬರೆದರೆ ಸಾಕೆ, ಲೆಕ್ಕಪತ್ರ ಬೇಡವೆ? ಸರ್ವರ್‌ಗೆ ಹಾಕುವ ಲಿನಕ್ಸ್ ಸೆಂಟ್‌ಓಎಸ್ 8ರ ಕಥೆ ಇನ್ನೂ ಕೆಟ್ಟದ್ದು. 2029ರವರೆಗೆ ನೋಡಿಕೊಳ್ಳುತ್ತೇವೆ ಅಂದದ್ದನ್ನು 2020ರ ಡಿಸೆಂಬರಿನಲ್ಲಿ ರೆಡ್‌ಹ್ಯಾಟ್ ಒಂದೇ ಪ್ರಕಟಣೆಯಲ್ಲಿ 2021ರ ಕೊನೆಗೆ ಇಳಿಸಿತು. ಮಾತು ನಂಬಿ ಸರ್ವರ್ ಕಟ್ಟಿದವರ ವರ್ಷಗಳ ಲೆಕ್ಕಾಚಾರ ಅಲ್ಲಿಗೇ ಮುಗಿಯಿತು.

ಕೋಡ್ ಬರೆಯುವವರೂ ಊಟ ಮಾಡಬೇಕಲ್ಲ, ಅದನ್ನು ಮರೆಯುವಂತಿಲ್ಲ. ನಮ್ಮ ಜೆರೋಧಾದವರು 2024ರಲ್ಲಿ ‘ಫ್ಲಾಸ್ ಫಂಡ್’ ಅಂತ ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಟ್ಟದ್ದು ಇದಕ್ಕೇ. ಬಳಸಿ ಬೆಳೆದವರು ಹೀಗೆ ಕೈಯೆತ್ತಿ ಕೊಟ್ಟರೆ ಎಡಿಷನ್ ಒಡೆಯುವ ಒತ್ತಡವೂ ಕಮ್ಮಿಯಾಗುತ್ತೆ. ಈಆರ್‌ಪಿನೆಕ್ಸ್ಟ್ ಮಾಡುವ ಫ್ರಾಪೆಯವರು ತಂತ್ರಾಂಶವನ್ನು ಪೂರ್ತಿ ಮುಕ್ತವಾಗಿಟ್ಟು ಹೋಸ್ಟಿಂಗ್, ಬೆಂಬಲ ಮಾರಿ ಬದುಕುತ್ತಿದ್ದಾರೆ. ದಾರಿಯೇ ಇಲ್ಲ ಅನ್ನುವ ಹಾಗಿಲ್ಲ.

ಅಕ್ಕ ಪೆನ್ನು ತಂದರು. “ಪ್ರಿನ್ಸಿಪಾಲ್ರಿಗೆ ಏನು ಬರೀಲಿ?”

“ಲೈಸೆನ್ಸ್ ಸಾಲು ಹೊಡೆದುಹಾಕಿ ಅಕ್ಕ. ಅವರು ಹೊಸದೇನಾದ್ರೂ ಬರೆದಿದ್ರೆ ಅದರ ಸೋರ್ಸ್ ಕೊಡ್ಲಿ, ಅದಕ್ಕೆ ಬೇರೆ ಬೆಲೆ ಹೇಳ್ಲಿ. ಸರ್ವರ್‌ನಲ್ಲಿ ‘ಕೋಹಾ-ಕಾಮನ್’ ಪ್ಯಾಕೇಜು ಸಮುದಾಯದ ಡೆಬಿಯನ್ ರೆಪಾಸಿಟರಿಯಿಂದಲೇ ಬರಬೇಕು ಅಂತ ಬರೆಸಿ. ಹಾಗಿದ್ರೆ ನಾಳೆ ಇವರು ಫೋನ್ ಎತ್ತದೆ ಹೋದ್ರೂ ಇನ್ನೊಬ್ರು ಬಂದು ಸಂಭಾಳಿಸಬಹುದು. ಕೇಳಿದ ದಿನ ಕ್ಯಾಟಲಾಗು ಪೂರ್ತಿ ಮಾರ್ಕ್ ಅನ್ನೋ ಲೈಬ್ರರಿ ನಮೂನೆಯ ಫೈಲಾಗಿ ಕೈಗೆ ಬರಬೇಕು, ಡೇಟಾಬೇಸ್ ಬ್ಯಾಕಪ್ ಕೂಡ.”

“ಎ.ಎಂ.ಸಿ.?”

“ಅದರಲ್ಲಿ ಚೌಕಾಸಿ ಮಾಡಬೇಡಿ. ಕನ್ನಡ ಪುಸ್ತಕ ಹುಡುಕಿದ್ರೆ ಈಗ ಸರಿಯಾಗಿ ಸಿಗಲ್ಲ ಅಂತಿದ್ರಲ್ಲ, ಕೋಹಾ ಹುಡುಕೋಕೆ ಬಳಸೋ ಝೆಬ್ರಾ ಇಂಡೆಕ್ಸನ್ನ ಯುನಿಕೋಡ್ ಅರ್ಥವಾಗೋ ಐಸಿಯುಗೆ ಬದಲಾಯಿಸಿ ಮತ್ತೆ ಕಟ್ಟಬೇಕು. ಅದು ಗೊತ್ತಿರೋರು ಕೂತು ಮಾಡೋ ಕೆಲಸ. ಅದನ್ನೂ ಆ ಸಾಲಿಗೆ ಸೇರಿಸಿ, ಅದರ ದುಡ್ಡನ್ನೂ ಸೇರಿಸಿ.”