ಜೆರ್ಸಿಗೆ ಯಾವ ಜೆ?

ಯಡಿಯೂರು ಸಿದ್ಧಲಿಂಗೇಶ್ವರ ಕೂಗಳತೆಯಲ್ಲಿರುವಾಗ ಮಾಯಸಂದ್ರದ ಕಡೆಯವರು ಗಂಡುಮಗುವಿಗೆ ಬೇರೆ ಹೆಸರು ಹುಡುಕುವ ತಾಪತ್ರಯಕ್ಕೆ ಯಾಕೆ ಹೋಗುತ್ತಾರೆ? ಸಂತೆ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಸಿದ್ದಲಿಂಗಾ’ ಅಂತ ಒಂದು ಕೂಗು ಹಾಕಿ ನೋಡಿ. ಟೀ ಅಂಗಡಿಯಿಂದ ಒಬ್ಬ, ಹಿಟ್ಟಿನ ಗಿರಣಿಯಿಂದ ಒಬ್ಬ, ಬಸ್ಸಿನ ಕಿಟಕಿಯಿಂದ ಒಬ್ಬ ‘ಆ?’ ಅಂತಾರೆ. ಅದಕ್ಕೇ ಗಿರಣಿ ಸಿದ್ದಲಿಂಗ, ಉದ್ದ ಸಿದ್ದಲಿಂಗ ಅಂತೆಲ್ಲ ಆಗುವುದು. ಒಬ್ಬನನ್ನು ಗುರುತು ಹಿಡಿಯಲಿ ಅಂತ ಇಟ್ಟ ಹೆಸರು ಕೈಚೆಲ್ಲಿ ಕೂತಿದೆ. ಆ ಕೆಲಸ ಮಾಡುತ್ತಿರುವುದು ಗಿರಣಿ.

ಬೇಲಿಯಾಚೆ ಪಕ್ಕದ ತೋಟದ ಅಕ್ಕನಿಗೆ ಇದನ್ನು ಹೇಳಿದೆ. ಅವರ ಮೊಮ್ಮಗಳಿಗೆ ಕಾಮನ್ ನೌನು, ಪ್ರಾಪರ್ ನೌನು ಬೇರೆ ಬೇರೆ ಬರಕೊಂಡು ಬಾ ಅಂತ ಹೋಂವರ್ಕ್ ಕೊಟ್ಟಿದ್ದಾರಂತೆ.

“ನೀವೇ ಹೇಳ್ಕೊಡಿ ಮೇಷ್ಟ್ರೆ, ನಂಗೇನ್ ತಿಳೀತದೆ?”

ಮೇಷ್ಟ್ರು ಅನ್ನುವುದೂ ಆ ಗಿರಣಿಯ ಜಾತಿಗೇ ಸೇರಿದ್ದು. ನನ್ನ ಅಪ್ಪ ಅಮ್ಮ ಇಟ್ಟ ಹೆಸರು ಈಗ ಪೋಸ್ಟ್‌ಮ್ಯಾನಿಗೂ ಬ್ಯಾಂಕಿನವರಿಗೂ ಬಿಟ್ಟರೆ ಯಾರಿಗೂ ಬೇಡ. ನಮ್ಮ ಕನ್ನಡ ವ್ಯಾಕರಣದಲ್ಲಿ ಕಾಮನ್ ನೌನಿಗೆ ರೂಢನಾಮ, ಪ್ರಾಪರ್ ನೌನಿಗೆ ಅಂಕಿತನಾಮ, ಅವುಗಳ ಜೊತೆಗೆ ಅನ್ವರ್ಥನಾಮ ಅಂತ ಮೂರನೆಯದೂ ಇದೆ: ಕಸುಬಿನಿಂದಲೋ ಗುಣದಿಂದಲೋ ಬಂದ ಹೆಸರು. 13ನೇ ಶತಮಾನದ ಕೇಶಿರಾಜನೂ ಈ ಮೂರನ್ನು ಹೇಳುತ್ತಾನೆ. ಹಳ್ಳಿ ನೋಡಿದವರಿಗೇ ಹೊಳೆಯುವಂಥ ವಿಂಗಡಣೆ ಅದು. ಇಂಗ್ಲಿಷಿನವರಿಗೆ ಈ ಮೂರನೇ ಕೋಣೆ ಇಲ್ಲ. ಅವರ ಬಳಿ ಇರುವುದು ದೊಡ್ಡ ಅಕ್ಷರ.

ದೊಡ್ಡ ಅಕ್ಷರವೇನೂ ಸಣ್ಣ ಉಪಕಾರವಲ್ಲ. ಕನ್ನಡದಲ್ಲಿ ‘ಸಂಪಿಗೆ’ ಅಂತ ಬರೆದರೆ ಮುಡಿಯುವುದೋ, ಬಸ್ ಹತ್ತಿ ಹೋಗುವುದೋ, ಮುಂದಿನ ಮಾತು ಬರುವವರೆಗೆ ತಿಳಿಯದು. ಇಂಗ್ಲಿಷಿನಲ್ಲಿ ಹೂವಾದರೆ ಸಣ್ಣ ಎಸ್, ನಮ್ಮ ತುರುವೇಕೆರೆ ತಾಲ್ಲೂಕಿನ ಊರಾದರೆ ದೊಡ್ಡ ಎಸ್. ಆ ಸಂಪಿಗೆಯಲ್ಲೇ 1884ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು. ಇಂಗ್ಲಿಷ್ ಪಾಠ ಹೇಳುತ್ತಾ ಕನ್ನಡಕ್ಕೆ ದುಡಿದ ಆ ಪುಣ್ಯಾತ್ಮರು ಕಾವ್ಯನಾಮವಾಗಿ ಆರಿಸಿಕೊಂಡದ್ದು ‘ಶ್ರೀ’, ಲಗ್ನಪತ್ರಿಕೆಯಲ್ಲಿ ಎಲ್ಲರ ಹೆಸರಿನ ಹಿಂದೆಯೂ ಇರುವ ಅಕ್ಷರ!

“ಹುಡುಗೀಗೆ ಒಂದು ಸುಲಭದ ಉಪಾಯ ಹೇಳ್ಕೊಡಿ ಸಾಕು” ಅಂದರು ಅಕ್ಕ.

ಉಪಾಯ ಇದೆ. ‘ಒಂದು’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಎ’ ಇದೆಯಲ್ಲ, ಅದನ್ನು ಹಿಂದೆ ಇಟ್ಟು ನೋಡುವುದು. ‘ಎ ಟ್ರೀ’ ಒಪ್ಪುತ್ತದೆ, ‘ಎ ತಿಪಟೂರು’ ಒಪ್ಪುವುದಿಲ್ಲ. ‘ಯಾವುದು?’ ಅಂತ ಕೇಳಿ ನೋಡು ಅಂತಲೂ ಹೇಳುವುದುಂಟು: ಯಾವ ಮರ ಅಂದರೆ ಸರಿ, ಯಾವ ಮಾಯಸಂದ್ರ ಅಂತ ಯಾರೂ ಕೇಳುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಕೇಳುತ್ತಾರೆ. ಆನೇಕಲ್ ತಾಲ್ಲೂಕಿನಲ್ಲೂ ಒಂದು ಮಾಯಸಂದ್ರ ಇದೆ. ಅಲ್ಲಿಗೆ ಆ ಉಪಾಯಕ್ಕೂ ತುರುವೇಕೆರೆ ಅಂತ ಒಂದು ಊರುಗೋಲು ಬೇಕಾಯಿತು.

ಹುಡುಗಿ ತಾನೇ ಪುಸ್ತಕ ಹಿಡಿದು ಬೇಲಿಯ ಹತ್ತಿರ ಬಂದಳು. ಮರಕ್ಕೆ ಸಣ್ಣಕ್ಷರ, ಸರಿ. ತೆಂಗಿನ ತಳಿ ‘ತಿಪಟೂರು ಟಾಲ್’ ಅಂದಾಗ ಟಾಲ್ ಅನ್ನುವ ಬಡಪಾಯಿಗೂ ದೊಡ್ಡಕ್ಷರದ ಮರ್ಯಾದೆ. ಆಗ ಅದು ಉದ್ದ ಅಂತ ಅಳತೆ ಹೇಳುತ್ತಿಲ್ಲ, ಹೆಸರಿನ ಪಾಲುದಾರ. ವಿಜ್ಞಾನದವರು ತೆಂಗಿಗೆ ‘ಕೋಕಸ್ ನ್ಯೂಸಿಫೆರಾ’ ಅಂತಾರೆ, ಮೊದಲನೆಯದಕ್ಕೆ ದೊಡ್ಡಕ್ಷರ, ಎರಡನೆಯದಕ್ಕೆ ಸಣ್ಣದು. ಯಾಕೆ ಅಂದರೆ ಪದ್ಧತಿ ಹಾಗೆ. ಜರ್ಮನ್ನರು ಇನ್ನೂ ಉದಾರಿಗಳು, ಮರ, ಮಡಕೆ, ಪೊರಕೆ, ನಾಮಪದ ಯಾವುದಿದ್ದರೂ ದೊಡ್ಡಕ್ಷರ. ಅಲ್ಲಿ ಈ ಹೋಂವರ್ಕಿಗೆ ದೊಡ್ಡಕ್ಷರದಿಂದ ಕಾಸಿನ ಉಪಯೋಗವಿಲ್ಲ.

“ಜೆಸಿಬಿ?” ಅಂದಳು. ಅವರ ತೋಟದಲ್ಲಿ ಮೊನ್ನೆ ಸಸಿ ಗುಂಡಿ ತೆಗೆದದ್ದು ಅದೇ. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅಂತ ಇಂಗ್ಲೆಂಡಿನ ಒಬ್ಬರು 1945ರಲ್ಲಿ ಶುರು ಮಾಡಿದ ಕಂಪನಿ, ಅವರ ಹೆಸರಿನ ಮೂರಕ್ಷರ. ನಮ್ಮಲ್ಲಿ ಮಣ್ಣು ತೋಡುವ ಹಳದಿ ಗಾಡಿ ಯಾವ ಕಂಪನಿಯದಾದರೂ ಜೆಸಿಬಿಯೇ.

ಆಮೇಲೆ ಕೊಟ್ಟಿಗೆಗೆ ಬಂದೆವು. ಅಕ್ಕನ ನಾಟಿ ಹಸು ಗೌರಿ. ಅದು ಅಂಕಿತ, ಅನುಮಾನವಿಲ್ಲ. ತಳಿ ಹಳ್ಳಿಕಾರ್, ಅದಕ್ಕೂ ಇಂಗ್ಲಿಷಿನಲ್ಲಿ ದೊಡ್ಡಕ್ಷರ. ಹಸು ಮಾತ್ರ ಸಣ್ಣಕ್ಷರ. ಪಕ್ಕದ ಗೂಟದಲ್ಲಿ ಜೆರ್ಸಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಿನಲ್ಲಿ ಜೆರ್ಸಿ ಅಂತ ಒಂದು ದ್ವೀಪ. ಅಲ್ಲಿಂದ ಹಸು ಬಂತು, ಅಲ್ಲಿಂದಲೇ ಉಣ್ಣೆ ಅಂಗಿಯ ಹೆಸರೂ ಬಂತು. ಹಸು ದೊಡ್ಡ ಜೆ ಉಳಿಸಿಕೊಂಡಿತು, ಅಂಗಿ ಕಳಕೊಂಡಿತು. ಕ್ರಿಕೆಟ್ ಆಡುವವರು ತೊಡುವ ಜೆರ್ಸಿಗೆ ಈಗ ಸಣ್ಣ ಜೆ. ಹೋಲ್‌ಸೇಲಾಗಿ ಊರೂರಿಗೆ ಮಾರಾಟವಾದ ಹೆಸರಿಗೆ ಊರಿನ ನೆನಪು ಉಳಿಯುವುದಿಲ್ಲವೇನೋ. ಹಾಗೆ ಅಂದುಕೊಂಡರೆ ಹಸುವೂ ಹಾಲಿನ ಡೈರಿ ಇರುವ ಊರಿಗೆಲ್ಲ ಹೋಗಿದೆಯಲ್ಲ! ಹಸುವೊಂದು ಅಂಗಿ ತಿಂದರೆ ಒಂದೇ ವಾಕ್ಯದಲ್ಲಿ ಎರಡೂ ಜೆ ಬರುತ್ತವೆ ಅಂದೆ. ಹುಡುಗಿ ಅದನ್ನೇ ಬರಕೊಂಡಳು.

ಅಮ್ಮ ಅನ್ನುವುದಕ್ಕೂ ಇದೇ ಪೇಚಾಟ. ‘ನನ್ನ ಅಮ್ಮ’ ಅಂದರೆ ಇಂಗ್ಲಿಷಿನಲ್ಲಿ ಸಣ್ಣಕ್ಷರ. ‘ಅಮ್ಮಾ, ಬಾ’ ಅಂತ ಕರೆದರೆ ದೊಡ್ಡದು. ಕರೆಯುವಾಗ ಹೆಸರಿನ ಜಾಗದಲ್ಲಿ ಕೂತಿದೆ, ಅದಕ್ಕೆ.

“ಹಂಗಾದ್ರೆ ಕರು?” ಅಂದಳು.

“ಸಣ್ಣಕ್ಷರ.”

“ಅಲ್ಲ ತಾತ, ನಮ್ ಕರೂಗೆ ಹೆಸರೇ ಇಟ್ಟಿಲ್ಲ. ‘ಕರೂ, ಬಾ’ ಅಂದ್ರೆ ಓಡಿಬತ್ತದೆ.”

ಅಕ್ಕ ನಕ್ಕರು. ಹುಡುಗಿ ಆಗಲೇ ದೊಡ್ಡ ಕೆ ಬರೆದಾಗಿತ್ತು.